ನೂರ ಅರವತ್ತು ಅಂಗಿ

“ಗುರುಗಳೇ, ದುಡಿದವನ ಹೆಸರೇ ಇಲ್ಲದ ಮೇಲೆ ಆ ದುಡಿಮೆ ಯಾರದು?”

ಹೀಗೆ ಕೇಳಿದವನು ಶಿಷ್ಯ ಮುರಿಗೆಪ್ಪ. ಮಠದ ತಾಳೆಗರಿಗಳನ್ನು ಅವನು ಎರಡು ವರ್ಷ ಕೂತು ಓದಿ ನಕಲು ಮಾಡಿದ್ದ. ಆ ದಿನ ಪುಸ್ತಕ ಅಚ್ಚಾಗಿ ಬಂದಿತ್ತು. ಅದರ ಮೇಲೆ ಬೇರೊಬ್ಬ ಪಂಡಿತರ ಹೆಸರಿತ್ತು. ಒಳಗೆ ಎಲ್ಲಿಯೂ ಮುರಿಗೆಪ್ಪನ ಹೆಸರಿರಲಿಲ್ಲ.

ಗುರುಗಳು ಪುಸ್ತಕವನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ಬಟ್ಟೆಯ ಮೇಲೆ ಸ್ಕ್ರೀನ್ ಅಚ್ಚು ಹಾಕುವವರು ಇಬ್ಬರಿದ್ದರು. ಒಬ್ಬಳು ಅಂಬೂಬಾಯಿ. ಇನ್ನೊಬ್ಬ ಎದುರು ಬೀದಿಯ ಅಚ್ಚುಗಾರ, ಆಕೆಗಿಂತ ಚಿಕ್ಕವನು. ಮರದ ಚೌಕಟ್ಟಿಗೆ ತೆಳುವಾದ ಜಾಲರಿ ಬಟ್ಟೆಯನ್ನು ಬಿಗಿದು, ಚಿತ್ರವಿರುವ ಕಡೆ ಮಾತ್ರ ಜಾಲರಿಯ ತೂತುಗಳನ್ನು ತೆರೆದಿಟ್ಟು ಉಳಿದುದನ್ನು ಮುಚ್ಚುತ್ತಾರೆ. ಮೇಲೆ ಬಣ್ಣ ಸುರಿದು ರಬ್ಬರ್ ಪಟ್ಟಿಯಿಂದ ಎಳೆದರೆ ಕೆಳಗಿನ ಅಂಗಿಯ ಮೇಲೆ ಚಿತ್ರ ಮೂಡುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಚೌಕಟ್ಟು. ಕೂದಲೆಳೆಯಷ್ಟು ಸರಿದರೂ ಅಂಗಿ ಕೆಟ್ಟಂತೆ. ಅಂಬೂಬಾಯಿಯ ಕೈಯಲ್ಲಿ ಅದು ಎಂದೂ ಸರಿದದ್ದಿಲ್ಲ.

ಎದುರು ಬೀದಿಯವನಿಗೆ ಅದನ್ನು ಸಹಿಸಲಾಗಲಿಲ್ಲ. “ಆಕೆಯ ಬಣ್ಣ ಮೂರು ಒಗೆತಕ್ಕೆ ಬಿಡುತ್ತದೆ” ಎಂದು ಪೇಟೆಯಲ್ಲಿ ಸುಳ್ಳು ಹಬ್ಬಿಸಿದ. ಕೆಲವರು ನಂಬಿದರು. ಹುಡುಗಿಯರ ಓಟದ ಪಂದ್ಯಕ್ಕೆಂದು ಒಬ್ಬ ವರ್ತಕ ಮುನ್ನೂರು ಬಿಳಿ ಅಂಗಿಗಳನ್ನು ಅವನಿಗೇ ತಂದುಕೊಟ್ಟ. ಎದೆಯ ಮೇಲೆ ಹಾರುವ ಕೊಕ್ಕರೆ ಬರಬೇಕು, ಮೂರು ಬಣ್ಣದಲ್ಲಿ.

ನೂರ ನಲವತ್ತು ಅಂಗಿ ಮುಗಿದಿದ್ದವು. ಬಣ್ಣ ಕಚ್ಚಿಕೊಳ್ಳಲೆಂದು ಅಂಗಿಗಳನ್ನು ಕಾದ ಯಂತ್ರದ ಕೆಳಗೆ ಒತ್ತುವಾಗ ಅಚ್ಚುಗಾರನ ಬಲಗೈ ಸಿಕ್ಕಿ ಸುಟ್ಟುಹೋಯಿತು. ಪಂದ್ಯಕ್ಕೆ ನಾಲ್ಕೇ ದಿನ. ಮಾತು ತಪ್ಪಿದರೆ ಮತ್ತೆ ಯಾರೂ ಅವನ ಬಾಗಿಲಿಗೆ ಬಟ್ಟೆ ತರುವುದಿಲ್ಲ.

ಮರುದಿನ ಬೆಳಿಗ್ಗೆ ಅಂಬೂಬಾಯಿ ಸುದ್ದಿ ಕೇಳಿ ತಾನಾಗಿಯೇ ಬಂದಳು. ಅವನು ತಲೆ ಎತ್ತಲಿಲ್ಲ. ಆಕೆ ಹಳೆಯದನ್ನು ಎತ್ತಲಿಲ್ಲ. ಮುಗಿದ ಅಂಗಿಯೊಂದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಪಟ್ಟಿಯನ್ನು ಓರೆಯಾಗಿ ಹಿಡಿದು ನಿಧಾನಕ್ಕೆ ಎಳೆಯುತ್ತೀ ಅಲ್ಲವಾ, ತಮ್ಮಾ? ಬಣ್ಣ ದಪ್ಪ ಬಿದ್ದಿದೆ.”

“ಹೌದು ಅಕ್ಕಾ. ನಿಮ್ಮ ಅಚ್ಚು ನನ್ನದಕ್ಕಿಂತ ತೆಳು, ಗೆರೆ ಚೂಪು. ನಿಮ್ಮ ಕೈಗೆ ಬಂದಂತೆಯೇ ಹಾಕಿ.”

“ಹುಡುಗಿಯರು ಒಟ್ಟಿಗೆ ನಿಲ್ಲುತ್ತಾರಪ್ಪ. ಅರ್ಧ ಜನರದು ಹೀಗೆ, ಅರ್ಧ ಜನರದು ಹಾಗೆ ಇರಬಾರದು.”

ಆಕೆ ಹರಕು ಬಟ್ಟೆಯ ಮೇಲೆ ಎಳೆದು ನೋಡಿದಳು. ಪಟ್ಟಿಯನ್ನು ಇನ್ನಷ್ಟು ವಾಲಿಸಿ ಮತ್ತೆ ಎಳೆದಳು. ಮೂವತ್ತು ವರ್ಷ ಪಳಗಿದ ಕೈ ಬೇರೆಯವನ ಕೈಯಂತೆ ಆಗಲು ಒಪ್ಪಲಿಲ್ಲ. ಮಧ್ಯಾಹ್ನದವರೆಗೂ ಹರಕು ಬಟ್ಟೆಯೇ ಸಾಗಿತು. ಕೊನೆಗೆ ತಾನು ಎಳೆದದ್ದನ್ನು ಅವನ ಅಂಗಿಯ ಪಕ್ಕಕ್ಕಿಟ್ಟು, “ಈಗ ನೋಡು” ಎಂದಳು. ಯಾವುದು ತನ್ನದೆಂದು ಅಚ್ಚುಗಾರನಿಗೇ ತಿಳಿಯಲಿಲ್ಲ. ತನಗಿಂತ ಚೆನ್ನಾಗಿ ಮಾಡಬಲ್ಲವಳು ತನ್ನ ಹಾಗೆಯೇ ಮಾಡುವುದನ್ನು ಕಲಿತಳಲ್ಲ ಎಂದು ಅವನ ಕಣ್ಣು ತುಂಬಿತು. ವಿದ್ಯೆ ಎಂದರೆ ಏನೆಂದು ಅವನು ಅಂದೇ ಮೊದಲು ಕಂಡದ್ದು.

ಮೂರು ದಿನಗಳಲ್ಲಿ ನೂರ ಅರವತ್ತು ಅಂಗಿಗಳೂ ಮುಗಿದವು.

ವರ್ತಕ ಬಂದಾಗ ಅಂಬೂಬಾಯಿ ಹಿತ್ತಲಿನಲ್ಲಿ ಚೌಕಟ್ಟುಗಳನ್ನು ತೊಳೆಯುತ್ತಿದ್ದಳು. ಅವನು ಮೊದಲ ಅಂಗಿಯನ್ನೂ ಕೊನೆಯ ಅಂಗಿಯನ್ನೂ ಬಿಡಿಸಿ ನೋಡಿದ. ಅಚ್ಚುಗಾರನ ಕೈಯ ಬ್ಯಾಂಡೇಜನ್ನೂ ನೋಡಿದ.

“ಸುಟ್ಟ ಕೈಯಲ್ಲೂ ಇಂಥ ಕೆಲಸವೇ! ಆ ಅಂಬೂಬಾಯಿಯಿಂದ ಇದು ಆಗುತ್ತಿತ್ತೇನಯ್ಯಾ?”

ಮಾತು ಹಿತ್ತಲಿಗೂ ಕೇಳಿಸಿತು. ಅಚ್ಚುಗಾರ ತುಟಿ ತೆರೆದ. ಹೆಸರು ಹೊರಗೆ ಬರಲಿಲ್ಲ. ಅಂಬೂಬಾಯಿ ಉಳಿದ ಚೌಕಟ್ಟುಗಳನ್ನೂ ತೊಳೆದು ಬಿಸಿಲಿಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಮನೆಗೆ ಹೋದಳು. ಪಂದ್ಯದ ದಿನ ಮುನ್ನೂರು ಹುಡುಗಿಯರು ಸಾಲಾಗಿ ನಿಂತರು. ಬೇಲಿಯ ಹೊರಗೆ ನಿಂತು ನೋಡುತ್ತಿದ್ದವರಲ್ಲಿ ಆಕೆಯೂ ಇದ್ದಳು, ನಗುತ್ತಿದ್ದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮುರಿಗೆಪ್ಪನಿಗೆ ಸಿಟ್ಟು ಬಂದಿತ್ತು. “ಒಂದು ಹೆಸರು ಹೇಳಲು ಅವನಿಗೆ ಆಗಲಿಲ್ಲವೇ? ಎಂಥ ಮನುಷ್ಯ, ಗುರುಗಳೇ, ಅವನು?”

“ನಿನ್ನೆದುರೇ ಕೂತಿದ್ದಾನೆ, ಆ ದಿನ ಹೇಳದ ಹೆಸರನ್ನು ಇವತ್ತಿಗೂ ಹೇಳುತ್ತಿದ್ದಾನೆ.”