ದೇಮವ್ವನ ಬಟ್ಟಲು

ಹೊಳೆದಂಡೆಯ ಆ ಮಠದಲ್ಲಿ ರೋಗಿಗಳಿಗೆಂದೇ ಒಂದು ಪಡಸಾಲೆ ಇತ್ತು. ಅಲ್ಲಿ ಔಷಧಿಯನ್ನು ಎಲ್ಲರ ಎದುರೇ ಕುಡಿಯಬೇಕೆಂಬುದು ಗುರುಗಳಾದ ಮಹಾಂತಜ್ಜನವರ ಕಟ್ಟಪ್ಪಣೆ. ಕಣ್ಮರೆಯಾಗಲು ಬಿಟ್ಟರೆ ಉಗುಳಿ ಬರುವ ಜಾಣರೇ ಹೆಚ್ಚು.

ಬೆಳಗಾದರೆ ಹಲಗೆಯ ಮೇಲೆ ಬಟ್ಟಲುಗಳನ್ನು ಸಾಲಾಗಿ ಇಟ್ಟು, ಗದರಿಸಿ, ರಮಿಸಿ ಕುಡಿಸುವವಳು ಶಿಷ್ಯೆ ದೇಮವ್ವ. ಹುಣ್ಣು ತೊಳೆಯುವಾಗ ಅವಳು ಮುಖ ಸಿಂಡರಿಸಿದ್ದನ್ನು ಯಾರೂ ಕಂಡಿರಲಿಲ್ಲ.

ಅವಳಿಗೂ ಒಂದು ಬಟ್ಟಲಿತ್ತು. ಅದನ್ನು ಮಾತ್ರ ಅವಳು ಕೊಟ್ಟಿಗೆಯ ಹಿಂದೆ ನಿಂತು ಕುಡಿಯುತ್ತಿದ್ದಳು.

ಅವಳದು ಮನಸ್ಸಿನ ಕಾಯಿಲೆ. ಮಂಕು ಕವಿಯಿತೆಂದರೆ ಕೈಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಕಷಾಯ ಕುಡಿದಷ್ಟು ದಿನ ಅದು ದೂರವಿರುತ್ತಿತ್ತು. ಈ ಸಂಗತಿ ಅಜ್ಜನವರೊಬ್ಬರಿಗೇ ಗೊತ್ತು.

ಆ ವರ್ಷ ಕೊಟ್ಟಿಗೆಗೆ ಹೊಸ ಹುಲ್ಲು ಹೊದಿಸಲು ಆಳುಗಳು ಬಂದರು. ಹಿಂದೆ ಮುಂದೆ ಎಲ್ಲ ಜನ. ಹುಚ್ಚಿಯ ಕೈಯಲ್ಲಿ ಯಾರು ನೀರು ಕುಡಿದಾರು ಎಂಬ ಹೆದರಿಕೆ ದೇಮವ್ವನಿಗೆ. ಕಷಾಯವನ್ನು ದಿನವೂ ಬಾಳೆಯ ಬುಡಕ್ಕೆ ಸುರಿಯತೊಡಗಿದಳು.

ಹೊದಿಕೆ ಮುಗಿಯುವಷ್ಟರಲ್ಲಿ ಮಂಕು ಬಂದಿತ್ತು.

ಒಂದು ಮಧ್ಯಾಹ್ನ, ಪಡಸಾಲೆಯಲ್ಲಿ ಕೊನೆಯ ದಿನ ಎಣಿಸುತ್ತಿದ್ದ ಮುದುಕ ಅಂಬಿಗ ಕಲ್ಲಪ್ಪ ನೀರು ಕೇಳಿದ. ದೇಮವ್ವ ಅವನ ಮಗ್ಗುಲಲ್ಲೇ ತಂಬಿಗೆ ಹಿಡಿದು ಕೂತಿದ್ದಳು. ಅವನು ಕೂಗಿದ. ಮತ್ತೆ ಮತ್ತೆ ಕೂಗಿದ. ಉಳಿದ ರೋಗಿಗಳು ಏಳಲಾರದವರು. ಅವಳಿದ್ದಾಳಲ್ಲ ಎಂದು ಸುಮ್ಮನಿದ್ದರು.

ಅಜ್ಜನವರು ಹೊಳೆಯಿಂದ ಬರುವಷ್ಟರಲ್ಲಿ ಕೂಗು ನಿಂತಿತ್ತು. ಜನ್ಮವೆಲ್ಲ ಹೊಳೆಯ ಮೇಲೇ ಕಳೆದ ಜೀವ ಬಾಯಾರಿ ಹೋಯಿತು.

"ಅಂವಾ ಕರದದ್ದು ಕೇಳಿಸಿತ್ತೇನು?" ಅಜ್ಜನವರು ಕೇಳಿದರು.

"ಕೇಳಿಸಿತ್ರಿ ಅಜ್ಜಾ. ಕೈ ಏಳಲಿಲ್ಲ."

"ಕಷಾಯ?"

ದೇಮವ್ವ ಬಾಳೆಯ ಕಡೆ ನೋಡಿದಳು.

ಅಜ್ಜನವರು ಬೈಯಲಿಲ್ಲ. ಕೈಹಿಡಿದು ಎಬ್ಬಿಸಿದರು. ಇಬ್ಬರೂ ಸೇರಿ ಹೆಣಕ್ಕೆ ನೀರು ಹಾಕಿದರು.

ಮಣ್ಣು ಮುಗಿಸಿ ಬಂದ ಮೇಲೆ ಅವಳೆಂದಳು, "ಅಂವ ಹೆಂಗೂ ಉಳೀತಿರಲಿಲ್ಲ ಅಂತಾರ ಎಲ್ಲಾರೂ."

"ಉಳೀತಿರಲಿಲ್ಲ. ಆದ್ರ ನೀರಡಿಸಿ ಹೋದ."

ದೇಮವ್ವ ಬಿಕ್ಕಿ ಬಿಕ್ಕಿ ಅತ್ತಳು. "ನನ್ನ ಈ ಕೆಲಸದಿಂದ ಬಿಡಿಸ್ರಿ ಅಜ್ಜಾ. ಇನ್ನೊಬ್ಬರ ಆರೈಕಿ ಮಾಡಾಕ ನಾ ಲಾಯಕ್ಕಲ್ಲ."

"ನೀ ಕೊಟ್ಟಿಗಿ ಹಿಂದ ಕುಡಿಯೂದು ನನಗ ಗೊತ್ತಿತ್ತು. ನಿನ್ನ ಮಾನ ಉಳೀಲಿ ಅಂತ ಸುಮ್ನಿದ್ದೆ. ಈ ಸಾವಿನಾಗ ನಂದೂ ಪಾಲೈತಿ. ನನ್ನ ಯಾರು ಬಿಡಿಸ್ತಾರ?"

ಮರುದಿನ ಹಲಗೆಯ ಮೇಲೆ ಕಲ್ಲಪ್ಪನ ಬಟ್ಟಲಿನ ಜಾಗ ಖಾಲಿ ಇತ್ತು. ಅಜ್ಜನವರು ದೇಮವ್ವನ ಬಟ್ಟಲನ್ನು ತಂದು ಅಲ್ಲಿಟ್ಟರು.

"ಇದು ಯಾರ್ದು?" ಎಂದಳು ರುದ್ರವ್ವ, ಪಡಸಾಲೆಯ ಬಾಯಿಬಡಕಿ ರೋಗಿ.

ಅಜ್ಜನವರು ದೇಮವ್ವನ ಕಡೆ ನೋಡಿದರು.

"ನಂದು," ಎಂದಳು ದೇಮವ್ವ. "ಮನಸಿನ ಬ್ಯಾನಿಗಿ. ಕುಡಿಯೂದು ಬಿಟ್ಟಿದ್ದೆ. ಅದಕ್ಕ ಕಲ್ಲಪ್ಪಗ ನೀರು ಕೊಡಾಕ ಆಗಲಿಲ್ಲ."

ಒಬ್ಬ ಗೋಡೆಯ ಕಡೆ ಹೊರಳಿ ಮಲಗಿದ. ರುದ್ರವ್ವ ಬಟ್ಟಲಿನ ಕಡೆ ಬೆರಳು ತೋರಿಸಿದಳು.

"ಕುಡಿ ಮತ್ತ. ಇಷ್ಟು ದಿನಾ ನಮಗಷ್ಟ ಕಹಿ ಕುಡಿಸಿದಿ."

ದೇಮವ್ವ ಎಲ್ಲರ ಎದುರು ಕುಡಿದಳು.

ಗೋಡೆಯ ಕಡೆ ಹೊರಳಿದವನು ಅಂದು ಅವಳ ಕೈಯ ಗಂಜಿ ಮುಟ್ಟಲಿಲ್ಲ. ಅವಳು ಹೆದರಿದ್ದು ಸುಳ್ಳೇನೂ ಆಗಿರಲಿಲ್ಲ. ಆ ಗಂಜಿಯನ್ನು ಅವನ ತಲೆದೆಸೆಯಲ್ಲಿ ಮುಚ್ಚಿಟ್ಟು, ಅವಳು ಉಳಿದವರ ಹುಣ್ಣು ತೊಳೆದಳು.

ಸಂಜೆ ಖಾಲಿ ಬಟ್ಟಲುಗಳನ್ನು ಹೊಳೆಯಲ್ಲಿ ಬೆಳಗುತ್ತ ಕೇಳಿದಳು, "ಅಜ್ಜಾ, ದಿನಾ ಕುಡಿದ್ರೂ ಅದು ಮತ್ತ ಬಂತಂದ್ರ?"

"ಬರತೈತಿ," ಎಂದರು ಅಜ್ಜನವರು. "ಬರೂದು ಕಂಡ ಕೂಡ್ಲೆ ಕೂಗು. ಕಲ್ಲಪ್ಪ ಜೀವಾ ಹೋಗೂತನಕಾ ಕೂಗಿದ, ನಾಚಲಿಲ್ಲ."