ಮುದುಕಿ ತಂದ ಅಳಿಯಂದಿರು

"ಗುರುಗಳೇ, ಹೊರಗಿನ ರಕ್ತ ಸೇರಿದರೆ ಕುಲ ಉಳಿಯುತ್ತದೆಯೇ?" ಎಂದು ಶಿಷ್ಯ ಕೇಳಿದ. ಅವನ ತಂಗಿ ಬೇರೆ ಕುಲದ ಹುಡುಗನನ್ನು ಒಪ್ಪಿದ್ದಳು. ಆ ಮದುವೆ ತಪ್ಪಿಸಲೇಬೇಕೆಂದು ಅವನು ಹಟ ಹಿಡಿದಿದ್ದ.

ಗುರುಗಳು ನಕ್ಕರು. "ಉತ್ತರವನ್ನು ಗಟ್ಟಿ ಮಾಡಿಕೊಂಡೇ ಪ್ರಶ್ನೆ ಕೇಳಲು ಬಂದಿದ್ದೀಯ. ಇರಲಿ, ಕೇಳು."

ಕಡಲಾಚೆಯ ದಟ್ಟ ಕಾಡಿನಲ್ಲಿ, ಹೊಳೆಯ ದಂಡೆಯ ಮೇಲೆ, ಕ್ಯಾರಿಬ್ ಎಂಬ ನುಡಿಯಾಡುವ ಒಂದು ಕುಲವಿತ್ತು. ಮರಗೆಣಸೇ ಅವರ ಅನ್ನ. ಮದುವೆಯಾದ ಗಂಡು ಹೆಣ್ಣಿನ ಮನೆಗೆ ಬಂದು, ಮಾವನಿಗಾಗಿ ಕಾಡು ಕಡಿದು ಗೆಣಸಿನ ತೋಟ ಮಾಡಿಕೊಡಬೇಕು. ಅದು ಅವರ ಪದ್ಧತಿ. ಒಮ್ಮೆ ಹೊರಗಿನವರ ದೋಣಿಯ ಜೊತೆ ದಡಾರ ಬಂತು. ಊರಿಗೆ ಊರೇ ಮಲಗಿತು. ಎದ್ದವರು ಮೂವತ್ತೊಂದು ಮಂದಿ. ಅವರಲ್ಲಿ ಮದುವೆಯ ವಯಸ್ಸಿನವರೆಲ್ಲ ಒಡಹುಟ್ಟಿದವರು, ಇಲ್ಲವೇ ಅಣ್ಣತಮ್ಮಂದಿರ ಮಕ್ಕಳು. ಯಾರಿಗೆ ಯಾರನ್ನು ಕೊಡುವುದು? ಮದುವೆ ನಿಂತಿತು. ಹೊಸ ತೋಟವೂ ನಿಂತಿತು.

ಆಗ ಒಬ್ಬ ಮುದುಕಿ ದೋಣಿ ಹತ್ತಿದಳು. ಹೊಳೆಯ ಮೇಲ್ಭಾಗದಲ್ಲಿದ್ದ ವೈರಿಗಳ ಊರಿಗೆ ಗಂಡು ಕೇಳಲು ಹೊರಟಳು. ಅವಳ ಗಂಡನನ್ನು ಕೊಂದವರು ಅವರೇ. ಅವಳ ತಮ್ಮ ದೋಣಿಗೆ ಅಡ್ಡ ನಿಂತ.

"ಅಕ್ಕಾ, ವೈರಿಯ ರಕ್ತವನ್ನು ಮನೆಯೊಳಗೆ ತರುತ್ತೀಯಾ?"

"ನಮ್ಮಜ್ಜಿಯನ್ನು ಹಿಡಿದು ತಂದದ್ದು ಯಾವ ಊರಿನಿಂದ, ಮರೆತೆಯಾ? ಅವರ ಮೇಲಿನ ಸಿಟ್ಟು ನನಗೂ ಆರಿಲ್ಲ. ಆದರೆ ಈ ದಂಡೆಯ ಮೇಲೆ ನಮ್ಮ ಮಾತಾಡುವ ಮಕ್ಕಳನ್ನು ಕಾಣದೆ ನಾನು ಸಾಯುವುದಿಲ್ಲ. ದಾರಿ ಬಿಡು."

ಅವಳು ಏಳು ಮಂದಿ ಹುಡುಗರನ್ನು ಕರೆತಂದಳು. ಹುಟ್ಟುವ ಮಕ್ಕಳು ತಾಯಿಯ ಮಾತನ್ನೇ ಆಡಬೇಕೆಂಬುದು ಅವಳು ಹಾಕಿದ ಒಂದೇ ಷರತ್ತು. ಅಳಿಯಂದಿರು ಕಾಡು ಕಡಿದು ಗೆಣಸು ನೆಟ್ಟರು. ಮುದುಕಿಯ ತಮ್ಮ ಒಂದು ವರ್ಷ ಅವರ ಜೊತೆ ಊಟಕ್ಕೆ ಕೂರಲಿಲ್ಲ. ಮಗಳ ಕೂಸನ್ನು ಎತ್ತಿಕೊಂಡ ದಿನ, ಅಳಿಯನನ್ನು ತಾನೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡ.

ನಾಲ್ಕು ತಲೆಮಾರು ಕಳೆದವು. ಒಬ್ಬ ವೈದ್ಯ ಬಂದು ಅವರ ರಕ್ತ ಪರೀಕ್ಷೆ ಮಾಡಿ, "ನಿಮ್ಮಲ್ಲಿ ಮೂರು ನಾಲ್ಕು ಕುಲಗಳ ರಕ್ತ ಬೆರೆತಿದೆ" ಎಂದ. ಸುತ್ತ ನೆರೆದಿದ್ದ ಇನ್ನೂರು ಮಂದಿ ಆ ಮಾತನ್ನು ತಮ್ಮ ನುಡಿಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು.

ಶಿಷ್ಯ ಅಷ್ಟಕ್ಕೇ ಬಿಡಲಿಲ್ಲ. "ಆ ಹೊಳೆಯ ಉದ್ದಕ್ಕೂ ರಕ್ತವನ್ನು ಶುದ್ಧವಾಗಿ ಉಳಿಸಿಕೊಂಡ ಊರು ಒಂದೂ ಇರಲಿಲ್ಲವೇ?"

"ಒಂದು ಊರು ಇತ್ತಂತೆ, ಹೆಸರು ಹೇಳೋಣವೆಂದರೆ, ಅದು ಗೊತ್ತಿರುವವರು ಯಾರೂ ಉಳಿದಿಲ್ಲ."