ಕಂಬಳಿಯ ಕೆಳಗಿನ ಬೆಲೆ

"ಕೆಂಗಲ್ಲುಕೋಟೆಯ ಸಮಸ್ತ ಪ್ರಜೆಗಳೂ ಕೇಳಿ! ಅರಮನೆಯ ಮಾಂಸದ ಕೋಠಿಯ ವಿಚಾರವಾಗಿ ಕುವರಿ ನಾಗಲದೇವಿಯವರು ಮೂರು ಒಗಟು ಇಟ್ಟಿದ್ದಾರೆ. ಮೂರನ್ನೂ ಬಿಡಿಸಿದವನಿಗೆ ಕೋಠಿಯ ಪಾರುಪತ್ಯ. ಒಂದು ತಪ್ಪಿದರೂ ಅಮಾವಾಸ್ಯೆಯ ದಿನ ತಲೆದಂಡ!"

ಡಂಗುರ ಕೇಳಿದವರು ತಂತಮ್ಮ ಕುತ್ತಿಗೆ ಮುಟ್ಟಿ ನೋಡಿಕೊಂಡರು. ನಾಗಲದೇವಿಯ ಅನುಮಾನದ ಬುದ್ಧಿ ಯಾರಿಗೆ ಗೊತ್ತಿರಲಿಲ್ಲ ಹೇಳಿ? ಹಾಲನ್ನು ಮೊದಲು ಬೆಕ್ಕಿಗೆ ಕುಡಿಸುವಳು. ಬೆಕ್ಕು ಬದುಕಿಕೊಂಡರೆ, ಅಡುಗೆಯವನ ಜೊತೆ ಬೆಕ್ಕೂ ಸೇರಿಕೊಂಡಿದೆಯೇನೋ ಎಂದು ಅದನ್ನೇ ದುರುಗುಟ್ಟಿ ನೋಡುವಳು. ಅಂಥವಳು ಅರಮನೆಯ ಉಪ್ಪರಿಗೆಯಿಂದ ಕೋಠಿಯನ್ನು ನೋಡಿ ನೋಡಿ, ಅರ್ಥವಾಗದ ಮೂರು ಸಂಗತಿಗಳನ್ನು ಒಗಟು ಮಾಡಿದ್ದಳು. ಉತ್ತರ ಅವಳಿಗೂ ಗೊತ್ತಿರಲಿಲ್ಲ. ಆದರೆ ಸುಳ್ಳು ಉತ್ತರ ಬಂದರೆ ಮೂಗಿನಲ್ಲೇ ಹಿಡಿಯುತ್ತಿದ್ದಳು.

ಮೊದಲು ಬಂದ ಜೋಯಿಸ, ಕುರಿ ಸೊರಗುವುದು ಶನಿಯ ದೃಷ್ಟಿಯಿಂದ ಎಂದ. ನೆಲಮಾಳಿಗೆಯ ಸೆರೆ ಸೇರಿದ. ಆಮೇಲೆ ಬಂದ ಸಾಹುಕಾರನ ಮಗ, ಮೊದಲನೆಯ ಒಗಟಿಗೇ ತಬ್ಬಿಬ್ಬಾಗಿ, ಕುರಿಗೆ ಊರ ನೆನಪಾಗಿರಬೇಕು ಎಂದು ತೊದಲಿದ. ಅವನೂ ಅಲ್ಲಿಗೇ ಇಳಿದ. ಕೋಠಿಯ ಪಾರುಪತ್ಯಗಾರ ಸರ್ಜಪ್ಪ ಮಾತ್ರ ದಿನವೂ ಸಭೆಯಲ್ಲಿ ಮೀಸೆಯಡಿ ನಗುತ್ತ ಕೂತಿರುತ್ತಿದ್ದ.

ಆ ಹೊತ್ತಿಗೆ ಕುರುಬರ ಕಾಟಲಿಂಗ ಮೂವತ್ತು ಕುರಿ ಹೊಡೆದುಕೊಂಡು ಕೋಠಿಯ ಬಾಗಿಲಿಗೆ ಬಂದಿದ್ದ. ಅವನ ಹಟ್ಟಿಯ ಒಂದು ವರ್ಷದ ಅನ್ನ ಆ ಮೂವತ್ತು ಕುರಿಗಳಲ್ಲೇ ಇತ್ತು. ಸೀಮೆಯಲ್ಲಿ ಕುರಿ ಕೊಳ್ಳುವ ಕೋಠಿ ಅದೊಂದೇ. ಕೊಟ್ಟಷ್ಟು ತಗೋ, ಇಲ್ಲದಿದ್ದರೆ ತಿರುಗಿ ನಡಿ. ಒಂದು ಹಗಲು ಒಂದು ರಾತ್ರಿ ಬಾಗಿಲಲ್ಲಿ ಕಾದು, ಮರುದಿನ ಬೆಳಿಗ್ಗೆ ಅವನು ಸರ್ಜಪ್ಪನಿಗೆ ಕುರಿ ಮಾರಿದ. ಮಾರಿದವನು ಹಟ್ಟಿಗೆ ಹೋಗಲಿಲ್ಲ, ನೇರ ಸಭೆಗೆ ನಡೆದ.

"ಯಾರು ಕಳಿಸಿದರು ನಿನ್ನ?" ನಾಗಲದೇವಿಯ ಮೊದಲ ಮಾತೇ ಅದು.

"ಹೊಟ್ಟೆ ಕಳಿಸಿತು ತಾಯಿ."

"ಸರಿ, ಕೇಳು. ಬಾಗಿಲಿಗೆ ಬರುವಾಗ ದುಂಡಗಿದ್ದ ಕುರಿ, ಮರುದಿನ ಒಳಗೆ ಹೋಗುವಾಗ ಸೊರಗಿರುತ್ತದೆ. ತೋಳ ಕಚ್ಚಿಲ್ಲ, ರೋಗ ತಗುಲಿಲ್ಲ. ಹೋದದ್ದೇನು, ಕದ್ದವರಾರು?"

"ಹೋದದ್ದು ಹೊಟ್ಟೆಯೊಳಗಿನ ಹುಲ್ಲು, ನೀರು. ಕದ್ದದ್ದು ನಿಮ್ಮ ಬಾಗಿಲ ಅಗುಳಿ ತಾಯಿ. ಅದು ಬೇಗ ತೆಗೆಯೋದಿಲ್ಲ. ಉಪವಾಸ ನಿಂತ ಕುರಿಯ ಬೆನ್ನು ಒತ್ತಿ ನೋಡಿ, ಬಡಕಲು ಕುರಿ ಅಂತ ಬೆಲೆ ಇಳಿಸ್ತಾರೆ."

ಸಭೆಯ ಮೂಲೆಯಲ್ಲಿದ್ದ ಕೋಠಿಯ ಬಾಗಿಲ ಕಾವಲುಗಾರ ತಲೆ ತಗ್ಗಿಸಿದ್ದನ್ನು ಅವಳು ನೋಡಿದಳು.

"ಎರಡನೆಯದು. ಕುರಿ ನಾಲ್ಕು ಪಾಲಾಗಿ ನನ್ನ ಅಡುಗೆಮನೆಗೆ ಬರುತ್ತದೆ. ಐದನೆಯದೊಂದು ಪಾಲು ಹಿಂಬಾಗಿಲಲ್ಲಿ ಗಾಡಿ ಹತ್ತುತ್ತದೆ. ಅದಕ್ಕೆ ಯಾರೂ ಬೆಲೆ ಕೊಟ್ಟಿಲ್ಲ, ಆದರೂ ಅದು ಮಾರಾಟವಾಗುತ್ತದೆ. ಯಾವುದದು?"

"ಚರ್ಮ, ಉಣ್ಣೆ, ತಲೆ, ಕಾಲು, ಕರುಳು. ನಮಗೆ ಬೆಲೆ ಹೇಳುವಾಗ ಅದು ಕಸ ಅಂತಾರೆ. ಚಮ್ಮಾರರ ಕೇರಿಯಲ್ಲಿ ಕೇಳಿ ನೋಡಿ, ಆ ಕಸಕ್ಕೆ ಎಷ್ಟು ಕೊಟ್ಟಿದ್ದಾರೆ ಅಂತ."

ಸರ್ಜಪ್ಪನ ಮೀಸೆಯಡಿಯ ನಗು ಈಗ ಮಾಯವಾಗಿತ್ತು. "ಕುರಿ ಕಾಯೋನ ಮಾತು ಕೇಳ್ತೀರಾ ಒಡತಿ?" ಎಂದ.

"ನಾನು ಯಾರ ಮಾತೂ ಕೇಳುವುದಿಲ್ಲ. ಮೂರನೆಯದು. ಖಜಾನೆಯಿಂದ ಕುರಿಗೆ ಐದು ವರಹದಂತೆ ಹೊರಡುತ್ತದೆ. ಕುರುಬರ ಕೈಗೆ ಎಷ್ಟು ಸೇರುತ್ತದೋ ತಿಳಿಯದು. ನಡುವೆ ಇರುವುದು ಒಂದು ಕಂಬಳಿ. ಅದರ ಕೆಳಗೆ ಏನು ನಡೆಯಿತು, ಬಾಯಿ ಬಿಡದೆ ಹೇಳು. ಬಿಟ್ಟರೆ ಸೋತೆ."

ಕೋಠಿಯಲ್ಲಿ ಕುರಿ ಮಾರುವ ಪದ್ಧತಿಯೇ ಹಾಗೆ. ಮಾರುವವನು ಕಂಬಳಿಯ ಕೆಳಗೆ ಕೈ ಚಾಚಬೇಕು, ಕೊಳ್ಳುವವನು ಅವನ ಬೆರಳು ಹಿಡಿಯಬೇಕು. ಎಷ್ಟು ಬೆರಳು ಹಿಡಿದನೋ ಅಷ್ಟು ವರಹ. ಆ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲವೆಂದು ಕಂಬಳಿ ಮುಟ್ಟಿ ಆಣೆ. ಆಡಿದವನ ಹಟ್ಟಿಯಿಂದ ಮತ್ತೆ ಯಾರೂ ಕುರಿ ಕೊಳ್ಳರು. ಸರ್ಜಪ್ಪ ಇಷ್ಟು ವರ್ಷ ಆ ಆಣೆಯ ಬೆನ್ನ ಹಿಂದೆಯೇ ಬೆಚ್ಚಗೆ ಕೂತಿದ್ದ.

ಕಾಟಲಿಂಗ ಬಾಯಿ ಬಿಡಲಿಲ್ಲ. ತನ್ನ ಬಲಗೈ ಎತ್ತಿ ಅಗಲಿಸಿದ. ಐದು ಬೆರಳಿಗೂ ಕೆಮ್ಮಣ್ಣು ಮೆತ್ತಿತ್ತು. ಕುರಿಗೆ ಗುರುತು ಹಾಕುವ ಕೆಮ್ಮಣ್ಣು ಅದು, ಮಳೆಗೆ ತೊಳೆದುಹೋಗದಂತೆ ಹರಳೆಣ್ಣೆಯಲ್ಲಿ ಕಲಸಿದ್ದು. ಆಣೆ ಮುರಿಯದೆ ಬೆಲೆ ತೋರಿಸಲೆಂದು, ಬೆಳಿಗ್ಗೆ ಕಂಬಳಿಯ ಕೆಳಗೆ ಕೈ ಚಾಚುವ ಮುನ್ನವೇ ಅವನು ಅದನ್ನು ಮೆತ್ತಿಕೊಂಡಿದ್ದ. ಹೆಬ್ಬೆರಳು ಕಿರುಬೆರಳುಗಳಲ್ಲಿ ಬಣ್ಣ ದಪ್ಪಗೇ ಇತ್ತು. ನಡುವಿನ ಮೂರರಲ್ಲಿ ಮಾತ್ರ ಉಜ್ಜಿಹೋಗಿತ್ತು. ಆಮೇಲೆ ಅವನು ಸರ್ಜಪ್ಪನ ಕಡೆ ನೋಡಿದ.

ನಾಗಲದೇವಿ ಎದ್ದು ನಿಂತಳು. "ಸರ್ಜಪ್ಪ, ಬೆಳಿಗ್ಗೆಯಿಂದ ಬಲಗೈ ಶಾಲಿನೊಳಗಿದೆ. ತಾಂಬೂಲವನ್ನೂ ಎಡಗೈಯಲ್ಲಿ ತಗೊಂಡೆ. ಯಾಕಿರಬಹುದು ಅಂತ ಆಗಿನಿಂದ ಯೋಚಿಸುತ್ತಿದ್ದೇನೆ. ತೆಗೆ ಕೈ!"

"ಕೈ ನೋವು, ಒಡತಿ..."

ಭಟರು ಶಾಲು ಎಳೆದರು. ಅಂಗೈಯ ತುಂಬ ಉಜ್ಜಿ ಉಜ್ಜಿ ಗಾಯವಾಗಿತ್ತು, ಆದರೂ ಹರಳೆಣ್ಣೆಯ ಕೆಮ್ಮಣ್ಣು ಬಿಟ್ಟಿರಲಿಲ್ಲ. ಮೂರು ಕೆಂಪು ಪಟ್ಟೆ. ಭಟರು ಆ ಅಂಗೈಯನ್ನು ಕಾಟಲಿಂಗನ ಬೆರಳಿಗೆ ಒತ್ತಿ ಹಿಡಿದರು. ಮೂರಕ್ಕೆ ಮೂರೂ ಕೂತವು.

"ಇವತ್ತು ಬೆಳಿಗ್ಗೆ ಈ ಕುರಿಗಳಿಗೆಂದೇ ಐದೈದು ವರಹ ಒಯ್ದೆಯಲ್ಲೋ ದ್ರೋಹಿ!" ಎಂದಳು ನಾಗಲದೇವಿ. ಅಮಾವಾಸ್ಯೆಗೆ ಕಾದಿದ್ದ ಕತ್ತಿ ಯಾರ ಪಾಲಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

ಜೋಯಿಸನನ್ನೂ ಸಾಹುಕಾರನ ಮಗನನ್ನೂ ಬಿಡಬೇಕೆಂದು ಕಾಟಲಿಂಗ ಬೇಡಿದ. ಬಿಟ್ಟರು. ಪಾರುಪತ್ಯ ಅವನದಾಯಿತು. ಬಂದ ಕುರಿಗೆ ಮೊದಲು ಹುಲ್ಲು ನೀರು, ಐದನೆಯ ಪಾಲಿಗೂ ಬೆಲೆ, ಆ ಬೆಲೆಯನ್ನು ಹತ್ತು ಜನರ ಮುಂದೆ ಕೂಗಿ ಹೇಳಬೇಕು, ಇದಿಷ್ಟು ಅವನ ಕಟ್ಟಳೆ. ಅವನ ಹಟ್ಟಿಯ ಮೂವತ್ತು ಕುರಿಗೂ ಬಾಕಿ ಎರಡೆರಡು ವರಹ ಅಂದೇ ತಲುಪಿತು.

ಮರುದಿನ ಬೆಳಿಗ್ಗೆ ಕೋಠಿಯ ಬಾಗಿಲು ತೆಗೆದಾಗ ನಾಗಲದೇವಿ ಎದುರಿಗೇ ನಿಂತಿದ್ದಳು.

"ಕೈ ತೋರಿಸು. ನಿನ್ನ ಮೇಲೂ ನನಗೆ ಅನುಮಾನವಿದೆ."

ಕಾಟಲಿಂಗ ಎರಡೂ ಅಂಗೈ ಚಾಚಿದ. "ಇರಲಿ ತಾಯಿ, ಬಿಡಬೇಡಿ. ನಿಮಗೆ ಅದಿದ್ದರೇ ಕುರುಬರಿಗೆ ಐದು ವರಹ ಬರೋದು."

ಅವಳು ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿ, ನಾಳೆ ಮತ್ತೆ ಬರುತ್ತೇನೆ ಎಂದು ಹೇಳಿ ಹೋದಳು.